ಇವರು ಒಬ್ಬರೇ?

ಆ ಪ್ರಶ್ನೆಗೆ ಮೊದಲು ಹೌದು ಎಂದವಳು ನಮ್ಮವ್ವ ಜಂಬಮ್ಮ. ತಪ್ಪು ನನ್ನದೇ. ಲ್ಯಾಪ್‌ಟಾಪ್ ತೆರೆದಿಟ್ಟು ಜಳಕಕ್ಕೆ ಹೋಗಿದ್ದೆ.

ನಾನು ಹೊಸಪೇಟೆಯಲ್ಲಿ ಮುರುಗೇಶ್ ಅವರ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಮಾಡುತ್ತೇನೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಸೇರಿದವನು, ಹತ್ತು ವರ್ಷವಾಯಿತು. ಒಂದು ಮದುವೆಗೆ ನಾಲ್ಕು ಸಾವಿರ ಫೋಟೋ ಬರುತ್ತವೆ. ಅವನ್ನು ಒಂದು ಸಾಫ್ಟ್‌ವೇರಿಗೆ ಸುರಿದರೆ ಅದು ಮುಖ ನೋಡಿ ವಿಂಗಡಿಸುತ್ತದೆ. ಮದುಮಗಳದೆಲ್ಲ ಒಂದು ಕಡೆ, ಸೋದರಮಾವನದೆಲ್ಲ ಇನ್ನೊಂದು ಕಡೆ. ಅನುಮಾನ ಬಂದಾಗ ಎರಡು ಮುಖ ಪಕ್ಕಪಕ್ಕ ಇಟ್ಟು ನಮ್ಮನ್ನೇ ಕೇಳುತ್ತದೆ. ಇಂಗ್ಲಿಷ್ ನನಗೆ ಆಗದು, ಅದಕ್ಕೆ ಕನ್ನಡಕ್ಕೆ ತಿರುಗಿಸಿಟ್ಟಿದ್ದೆ. ಕನ್ನಡದಲ್ಲಿ ಅದು ಕೇಳುವುದು ಹೀಗೆ: ‘ಇವರು ಒಬ್ಬರೇ?’ ಕೆಳಗೆ ಎರಡು ಗುಂಡಿ. ‘ಹೌದು.’ ‘ಅಲ್ಲ.’

ಅವತ್ತು ಅದರಲ್ಲಿ ಇದ್ದದ್ದು ಯಾರದೋ ಮದುವೆಯಲ್ಲ. ನಮ್ಮಕ್ಕ ಸ್ಫೂರ್ತಿಯ ಫೋಟೋಗಳು. ಅಕ್ಕ ಡೆಂಗಿ ಬಂದು ಸತ್ತು ಎಂಟು ತಿಂಗಳಾಗಿತ್ತು. ಐದು ದಿನದ ಜ್ವರ, ಆರನೇ ದಿನ ಇಲ್ಲ. ಒಂದು ವರ್ಷದ ಹೆಣ್ಣು ಕೂಸನ್ನು ಬಿಟ್ಟು ಹೋದಳು. ಬಾವ ಲಿಂಗರಾಜ್ ಕುರೆಕುಪ್ಪದಲ್ಲಿರುತ್ತಾನೆ, ಸ್ಟೀಲ್ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಹಿಂದಿನ ದಿನ ಕಂಪ್ಲಿಯ ನಮ್ಮ ಮನೆಗೆ ಬಂದು ತನ್ನ ಫೋನು, ಅಕ್ಕನ ಫೋನು ಎರಡನ್ನೂ ನನ್ನ ಕೈಗಿಟ್ಟಿದ್ದ.

“ಆಕಿ ಫೋನಿನ ಬ್ಯಾಟರಿ ಉಬ್ಬೈತಿ, ಯಾವಾಗ ಹೋಗ್ತದೋ ಗೊತ್ತಿಲ್ಲ. ಎಲ್ಲಾ ಹೊಂದಿಸಿ ಕೂಸಿಗೊಂದು ಆಲ್ಬಮ್ ಮಾಡಿಕೊಡು ಪಂಪೇಶಾ” ಎಂದಿದ್ದ.

ನಾನು ಜಳಕ ಮುಗಿಸಿ ತಲೆ ಒರೆಸಿಕೊಳ್ಳುತ್ತಾ ಬಂದರೆ ಅವ್ವ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಪರದೆಯ ಮುಂದೆ ಕುಳಿತಿದ್ದಳು. ತೋರುಬೆರಳಿಗೆ ಹಿಟ್ಟು ಮೆತ್ತಿತ್ತು. ಪರದೆಗೂ ಮೆತ್ತಿತ್ತು.

“ಏನು ಒತ್ತಿದಿ ಅವ್ವಾ?”

“ಅದು ಕೇಳ್ತು, ನಾ ಹೇಳಿದೆ.”

“ಏನು ಕೇಳ್ತು?”

“ಇವರು ಒಬ್ಬರೇನಾ ಅಂತ ಕೇಳ್ತು. ಹೌದಪ್ಪಾ, ಒಬ್ಬರೇ ಅದಾರ ಅಂದೆ. ಒಬ್ಬಾಕಿ ಅಲ್ಲಿ ಹೋಗಿ ಒಬ್ಬಾಕೇ ಮಲಗ್ಯಾಳ. ಇನ್ನೊಬ್ಬಾಕಿ ಇಲ್ಲಿ ಒಬ್ಬಾಕೇ ಅದಾಳ, ಗಂಡು ಗೊತ್ತಾಗಿಲ್ಲ. ಎಷ್ಟು ಸಲ ಕೇಳ್ತದಲೇ ನಿನ್ನ ಮಿಷನ್ನು? ಕೇಳಿದಾಗೆಲ್ಲಾ ಹೇಳೀನಿ.”

ಎಡಗಡೆಯ ದುಂಡಗಿನ ಚಿತ್ರದಲ್ಲಿ ಅಕ್ಕ. ಬಲಗಡೆ ತಂಗಿ ಸೌಜನ್ಯ. ಅರವತ್ತಕ್ಕೂ ಹೆಚ್ಚು ಸಲ ಅವ್ವ ಹೌದು ಒತ್ತಿದ್ದಳು. ಅಕ್ಕ ಹೋಗಿದ್ದಳು, ತಂಗಿ ಹೋಗಿದ್ದಳು. ಸಾವಿರದ ಇನ್ನೂರು ಚಿಲ್ಲರೆ ಫೋಟೋ ಒಂದೇ ಹೆಣ್ಣಿನ ಹೆಸರಿನಲ್ಲಿ ರಾಶಿ ಬಿದ್ದಿದ್ದವು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೌಜನ್ಯ ನಕ್ಕಳು. “ಅವ್ವಾ, ಜೊತಿಗೆ ಯಾರದಾರ ಅಂತ ಕೇಳಿಲ್ಲ ಅದು. ಅಕ್ಕನೂ ನಾನೂ ಒಂದೇ ಮನಷಾಳೇನು ಅಂತ ಕೇಳೈತಿ.”

“ಹಂಗಿದ್ರ ಹಂಗ ಕೇಳಬೇಕು. ಕನ್ನಡ ಬರದ ಮಿಷನ್ನು.”

“ನಿನಗ ಯಾರು ಒತ್ತು ಅಂದ್ರು?” ಎಂದು ನಾನು ಕೂಗಿದೆ. ಟವೆಲನ್ನು ಗೋಡೆಗೆ ಬೀಸಿದೆ. ಅಪ್ಪ ಮಿಲ್ಲಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದವನು ತಿರುಗಿ ನಿಂತ. ಅಪ್ಪ ತೋಟಪ್ಪ ರೈಸ್ ಮಿಲ್ಲಿನಲ್ಲಿ ಭತ್ತ ತೂಗಿಸುವ ಮೇಸ್ತ್ರಿ, ದನಿ ಏರಿಸುವ ಹಕ್ಕು ತನ್ನೊಬ್ಬನದು ಎಂದುಕೊಂಡವನು.

“ಸತ್ತ ಮಗಳ ಮುಖ ನೋಡ್ಯಾಳ, ಏನೋ ಒತ್ಯಾಳ. ಅದಕ್ಕ ಹೆತ್ತಾಕಿ ಮ್ಯಾಲ ಎಗರ್ತೀಯೇನಲೇ? ಮತ್ತ ಬ್ಯಾರೆ ಮಾಡು. ಕೈ ಇಲ್ಲೇನು ನಿನಗ?”

ಕೂಡಿಸಲು ಒಂದು ಬೆರಳು ಸಾಕು. ಬೇರೆ ಮಾಡಲು ಒಂದೊಂದನ್ನೇ ಎತ್ತಿ ಆಚೆ ಇಡಬೇಕು. ಇದನ್ನು ಅಪ್ಪನಿಗೆ ಹೇಳಿದರೆ ತಿಳಿಯುತ್ತಿರಲಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಹೊಸಪೇಟೆ ಬಸ್ಸಿಗೆ ಮುಂಚೆ ಒಂದು ತಾಸು, ಭಾನುವಾರ ಇಡೀ ದಿನ, ಇದೇ ಕೆಲಸ. ಸೌಜನ್ಯ ಪಕ್ಕದಲ್ಲಿ ಅಕ್ಕಿ ಹಸನು ಮಾಡುತ್ತಾ ಕೂರುತ್ತಿದ್ದಳು. ಅವಳು ಹೇಳಬೇಕು, ನಾನು ಎಳೆದಿಡಬೇಕು.

“ಇದು ಅಕ್ಕ. ಇದೂ ಅಕ್ಕ. ಇದು ನಾನು, ಸೀರಿ ಆಕೀದು. ಸಂಡೂರಿಗೆ ಹೋದಾಗ ನನ್ನದು ಕೆಸರಾಗಿತ್ತಲ್ಲ.”

“ಹೆಂಗ ಗೊತ್ತಾಗ್ತದ ನಿನಗ?”

“ಬಾಯಿ ನೋಡು.”

ಅಕ್ಕ ಚಿಕ್ಕವಳಿದ್ದಾಗ ಬೋರಿನ ಹಿಡಿಕೆ ಬಡಿದು ಮುಂದಿನ ಹಲ್ಲು ಅರ್ಧ ಮುರಿದಿತ್ತು. ಫೋಟೋ ಎಂದರೆ ತುಟಿ ಮುಚ್ಚಿಕೊಂಡೇ ನಗುತ್ತಿದ್ದಳು. ಸೌಜನ್ಯ ಹಾಗಲ್ಲ, ಅಷ್ಟೂ ಹಲ್ಲು ತೋರಿಸುವವಳು. ಮಿಷನ್ನಿಗೆ ಮೂಗು ಗೊತ್ತು, ಕಣ್ಣು ಕಣ್ಣಿನ ನಡುವಿನ ಅಂತರ ಗೊತ್ತು. ಮುರಿದ ಹಲ್ಲಿನ ನಾಚಿಕೆ ಗೊತ್ತಿಲ್ಲ. ಹಂಪಿಯ ಕಲ್ಲಿನ ತೇರಿನ ಮುಂದೆ ಇಬ್ಬರೂ ಒಟ್ಟಿಗೆ ನಿಂತದ್ದು ಮೂರು ಫೋಟೋ ಇದ್ದವು. ಅಷ್ಟು ಎದುರಿಗಿದ್ದರೂ ಅದು ಇಬ್ಬರಿಗೂ ಒಂದೇ ಹೆಸರು ಬರೆದಿತ್ತು.

ಸೌಜನ್ಯಳಿಗೆ ಕಮಲಾಪುರದಲ್ಲಿ ಗೈಡ್ ತರಬೇತಿಗೆ ಸೀಟು ಸಿಕ್ಕಿತ್ತು. ಮುಂದಿನ ತಿಂಗಳು ಒಂದನೇ ತಾರೀಖಿಗೆ ಶುರು. ಹಂಪಿ ನೋಡಲು ಬರುವವರಿಗೆ ಹಿಂದಿಯಲ್ಲಿ ಕಥೆ ಹೇಳುವ ಕೆಲಸ. ಅಕ್ಕಿಯೊಳಗಿನ ಕಲ್ಲು ಆರಿಸುತ್ತಾ ಹಿಂದಿ ಉರು ಹೊಡೆಯುತ್ತಿದ್ದಳು.

“ಆಯಿಯೇ, ಆಯಿಯೇ. ಪತ್ಥರ್ ಕಾ ರಥ್ ದೇಖಿಯೇ.” ಬನ್ನಿ, ಕಲ್ಲಿನ ತೇರು ನೋಡಿ ಎಂದು.

“ಹಿಂದಿ ಮಾತಾಡಿದ್ರ ಕಲ್ಲು ತಾನ ಎದ್ದು ಹೋಗ್ತಾವೇನು?” ಎಂದು ಅಪ್ಪ ಹಂಗಿಸುತ್ತಿದ್ದ. ಆದರೆ ಅರ್ಜಿಗೆ ಸಹಿ ಹಾಕಿದವನೂ ಅವನೇ. ಅರ್ಜಿಗೆ ಅಂಟಿಸುವ ಫೋಟೋ ನಾನೇ ತೆಗೆದೆ. ಹಲ್ಲು ಮುಚ್ಚು ಎಂದರೂ ಮುಚ್ಚಲಿಲ್ಲ.

ಎರಡನೇ ಭಾನುವಾರ ಬಾವ ಬಂದ. ಜೊತೆಗೆ ಅವನ ತಾಯಿ ಅಕ್ಕನಾಗಮ್ಮ, ಕಂಕುಳಲ್ಲಿ ಕೂಸು, ಚೀಲದಲ್ಲಿ ಎರಡು ಡಜನ್ ಬಾಳೆಹಣ್ಣು, ಎಲೆ ಅಡಿಕೆ. ಎಲೆ ಅಡಿಕೆ ಕಂಡಾಗಲೇ ನನಗೆ ತಿಳಿಯಬೇಕಿತ್ತು.

ಊಟಕ್ಕೆ ಕುಳಿತರು. ಹೆಸರುಕಾಳಿನ ಪಲ್ಯ, ರೊಟ್ಟಿ, ಶೇಂಗಾ ಚಟ್ನಿ. ಅಕ್ಕನಾಗಮ್ಮ ಎರಡು ರೊಟ್ಟಿ ಮುಗಿಸುವವರೆಗೆ ಮೊಣಕಾಲು ನೋವಿನ ಮಾತೇ ಆಡಿದಳು. ಮೂರನೇ ರೊಟ್ಟಿ ಮುರಿಯುತ್ತಾ ಹೇಳಿದಳು:

“ಬೀಗರ, ಸುತ್ತಿ ಬಳಸಿ ಹೇಳಾಕ ನನಗ ಬರಂಗಿಲ್ಲ. ವರ್ಷ ತುಂಬೋದ್ರಾಗ ಸಣ್ಣಾಕೀನ ಕೊಟ್ಟುಬಿಡ್ರಿ. ಹೊರಗಿನಾಕೀನ ತಂದ್ರ ಕೂಸಿನ ಗತಿ ಏನು? ಇಕಿ ಆದ್ರ ರಕ್ತ ಒಂದ, ಮುಖ ಒಂದ.”

ಅವ್ವ ಬಡಿಸುತ್ತಿದ್ದ ಸೌಟು ಹಾಗೇ ಹಿಡಿದು ನಿಂತಳು. ಅಪ್ಪ ನೀರು ಕುಡಿದ. ಬಾವ ತಲೆ ಎತ್ತದೆ ಅನ್ನ ಮೊಸರು ಕಲೆಸುತ್ತಲೇ ಇದ್ದ.

“ಆಕಿ ತರಬೇತಿಗೆ ಹೊಂಟಾಳ” ಎಂದೆ ನಾನು.

“ಹಿರೇರು ಮಾತಾಡುವಾಗ ಬಾಯಿ ಹಾಕಬ್ಯಾಡಪ್ಪ” ಎಂದಳು ಅಕ್ಕನಾಗಮ್ಮ, ಸಿಟ್ಟಿಲ್ಲದೆ. “ಮತ್ತ ಆ ಆಲ್ಬಮ್ಮು. ಅದರಾಗ ಇಬ್ಬರನ್ನ ಬ್ಯಾರೆ ಬ್ಯಾರೆ ಹಾಕಬ್ಯಾಡ. ಕೂಸಿಗೆ ಇಬ್ಬರು ತಾಯಿ ಯಾಕ? ತಿಳುವಳಿಕೆ ಬರೂದ್ರಾಗ ಒಬ್ಬಾಕೇ ಆಗಿಬಿಡ್ಲಿ.”

“ನಮ್ಮಕ್ಕ ಎಲ್ಲಿ ಹೋಗಬೇಕು?”

“ಎಲ್ಲಿ ಹೋಗ್ತಾಳೋ? ಆಲ್ಬಮ್ಮಿನಾಗ ಇರ್ತಾಳಲ್ಲ.”

ನಾನು ತಟ್ಟೆ ಬಿಟ್ಟು ಎದ್ದೆ. ಸೌಜನ್ಯ ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಕೂಸು ಪುಟುಪುಟು ನಡೆದು ಹೋಗಿ ಅವಳ ಲಂಗ ಹಿಡಿದು ನಿಂತಿತ್ತು.

“ಅವ್ವ” ಎಂದಿತು.

“ಚಿಗವ್ವ ಅನ್ನು” ಎಂದಳು ಸೌಜನ್ಯ. “ಚಿ-ಗ-ವ್ವ.”

ಅವತ್ತಿನಿಂದ ನಮ್ಮ ಮನೆಯಲ್ಲಿ ಊಟ ಎಂದರೆ ಜಗಳ. ಅಪ್ಪನದು ಒಂದೇ ಮಾತು: “ನಾಕು ಜನ ಏನಂತಾರ? ಸ್ವಂತ ಮೊಮ್ಮಗಳನ್ನ ಮಲತಾಯಿ ಕೈಗೆ ಕೊಟ್ರು ಅಂತಾರ.” ನನ್ನದು ಒಂದೇ ಮಾತು: “ಸೌಜಿ ನಿನ್ನ ಮಗಳಲ್ಲೇನು?” ಅವ್ವ ಇಬ್ಬರ ತಟ್ಟೆಗೂ ಬಡಿಸಿ ತಾನು ಉಣ್ಣದೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಸೌಜನ್ಯ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಹಿಂದಿ ಮಾತ್ರ ನಿಂತಿತು.

ನಾನು ರಜೆ ಹಾಕಿ ಕುರೆಕುಪ್ಪಕ್ಕೆ ಹೋದೆ. ಬಾವನ ಕೊರಳಪಟ್ಟಿ ಹಿಡಿಯಬೇಕೆಂದೇ ಹೋದದ್ದು. ಅವನು ಬಚ್ಚಲಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಕೂಸಿನ ಅಂಗಿ ತಿಕ್ಕುತ್ತಿದ್ದ. ನೀರು ಕೆಂಪಗೆ ಹರಿಯುತ್ತಿತ್ತು. ಅಲ್ಲಿ ಒಗೆದು ಹಾಕಿದ ಬಟ್ಟೆಯೂ ಅದಿರಿನ ಧೂಳಿಗೆ ಸಂಜೆಯೊಳಗೆ ಕೆಂಪಾಗುತ್ತದೆ. ಒಳಗೆ ಗೋಡೆಯ ಮೇಲೆ ಅಕ್ಕನ ಹಾರ ಹಾಕಿದ ಫೋಟೋ ಇರಲಿಲ್ಲ. ಮೊಳೆ ಇತ್ತು. ಸುತ್ತ ಧೂಳು ಹಿಡಿದ ಗೋಡೆಯಲ್ಲಿ ಒಂದು ಚೌಕ ಮಾತ್ರ ಸ್ವಚ್ಛವಾಗಿತ್ತು.

“ಫೋಟೋ ಎಲ್ಲಿ?”

“ಅವ್ವ ತೆಗೆದಿಟ್ಟಾಳ. ಟ್ರಂಕಿನಾಗ.”

“ನೀ ಹೆಂಗ ಕೇಳಿದಿ ಸೌಜೀನ? ನಾಚಿಕಿ ಬರಲಿಲ್ಲೇನು?”

ಬಾವ ಅಂಗಿ ಹಿಂಡಿದ. ಬಹಳ ಹೊತ್ತು ಹಿಂಡಿದ.

“ನಾ ಕೇಳಿಲ್ಲೋ ಪಂಪೇಶಾ. ನಮ್ಮವ್ವ ಕೇಳಿದ್ಲು. ನಾ ಬ್ಯಾಡ ಅನ್ನಲಿಲ್ಲ.”

“ಬ್ಯಾಡ ಅನ್ನಾಕ ಎಷ್ಟು ಹೊತ್ತು ಬೇಕು?”

“ನಾನು ನೈಟ್ ಶಿಫ್ಟಿಗೆ ಹೋದಾಗ ಕೂಸು ಅತ್ತು ಅತ್ತು ಕಾರಿಕೊಳ್ತದ. ಅವ್ವನ ಕೈಲೆ ಎತ್ತಾಕ ಆಗಂಗಿಲ್ಲ. ನೀ ಹೇಳು, ಬ್ಯಾಡ ಅಂದು ಏನು ಮಾಡ್ಲಿ?”

ಹೊಡೆಯುವುದಕ್ಕೆ ಹೋದವನ ಕೈಗೆ ಹಿಂಡಿದ ಅಂಗಿ ಕೊಟ್ಟ. ಹಗ್ಗದ ಮೇಲೆ ಹಾಕಿದೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಮೇಲೇ ಸಿಟ್ಟು ಬಂತು.

ಅಕ್ಕನಾಗಮ್ಮನ ಮೊಣಕಾಲಿಗೆ ಚಿಕಿತ್ಸೆ ಎಂದು ಕೂಸನ್ನು ಹತ್ತು ದಿನ ನಮ್ಮಲ್ಲಿ ಬಿಟ್ಟರು. ಕೂಸಿಗೆ ಸಂಕಟವಾಯಿತು, ಭೇದಿ ಹತ್ತಿತು. ಸೌಜನ್ಯ ಗಂಜಿ ಬಸಿದಳು, ಬಟ್ಟೆ ಬದಲಾಯಿಸಿದಳು, ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗಿದಳು. ಕೂಸು ಅವ್ವ ಎಂದಾಗೆಲ್ಲ ಚಿಗವ್ವ ಎಂದು ತಿದ್ದಿದಳು. ಎಂಟನೇ ದಿನ ಬೆಳಿಗ್ಗೆ ಕೂಸು “ಅವ್ವಾ, ನೀರು” ಎಂದಿತು. ನಾನು ಅಂಗಳದಲ್ಲಿದ್ದೆ, ತಿದ್ದುತ್ತಾಳೆಂದು ಕಾದೆ. ಲೋಟ ಎತ್ತಿಕೊಂಡ ಸದ್ದು ಮಾತ್ರ ಬಂತು.

ಅದೇ ವಾರ ನನ್ನ ಕೆಲಸ ಮುಗಿದಿತ್ತು. ಸ್ಫೂರ್ತಿ, ಏಳುನೂರ ಎಂಬತ್ತಾರು. ಸೌಜನ್ಯ, ನಾನೂರ ನಲವತ್ತು. ಹಂಪಿಯ ಆ ಮೂರು ಫೋಟೋದಲ್ಲೂ ಈ ಮುಖಕ್ಕೆ ಈ ಹೆಸರು, ಆ ಮುಖಕ್ಕೆ ಆ ಹೆಸರು. ಭಾನುವಾರ ಮಧ್ಯಾಹ್ನ ಅವಳನ್ನು ಕರೆದು ತೋರಿಸಿದೆ.

“ನೋಡು. ಒಂದೂ ತಪ್ಪಿಲ್ಲ.”

ಅವಳು ಒಂದೊಂದೇ ನೋಡಿದಳು. ತನ್ನ ಅರ್ಜಿಯ ಫೋಟೋ ಬಂದಾಗ ನಿಂತಳು. ನಾಡಿದ್ದು ಒಂದನೇ ತಾರೀಖು.

“ಕೂಡಿಸೋದು ಹೆಂಗಣ್ಣಾ?”

“ಏನು?”

“ಅವ್ವ ಕೂಡಿಸಿದ್ಲಲ್ಲ, ಹಂಗ.”

“ಮೂರು ವಾರ ಕಣ್ಣು ಕಿತ್ಕೊಂಡು ಬ್ಯಾರೆ ಮಾಡೀನಿ ಸೌಜಿ.”

“ಗೊತ್ತೈತಿ. ಪಕ್ಕಕ್ಕ ನಾನ ಇದ್ದೆ.”

“ನೀ ಒಲ್ಲೆ ಅನ್ನು. ಒಂದು ಮಾತು ಅನ್ನು. ಅಪ್ಪನ್ನ, ಆ ಮುದುಕೀನ, ಎಲ್ಲಾರ್ನೂ ನಾ ನೋಡ್ಕೊಳ್ತೀನಿ.”

“ಎಲ್ಲಾರ್ನೂ ನೋಡ್ಕೊಳ್ತಿ. ಕೂಸನ್ನ ಯಾರು ನೋಡ್ಕೊಳ್ತಾರ?”

“ಕಮಲಾಪುರ?”

“ಹಂಪಿ ಎಲ್ಲಿ ಹೋಗ್ತದ? ಕಲ್ಲಲ್ಲೇನು ಅದು.” ನಗಲು ನೋಡಿದಳು. “ಅಕ್ಕ ಕಡೇ ದಿನ ನನ್ನ ಕೈ ಹಿಡಕೊಂಡಿದ್ಲು. ಏನೂ ಹೇಳಲಿಲ್ಲ. ಏನರ ಹೇಳಿದ್ರ ಆಗಂಗಿಲ್ಲ ಅಂತಿದ್ದೆ. ಹೇಳದ ಮಾತಿಗೆ ಹೆಂಗ ಆಗಂಗಿಲ್ಲ ಅನ್ನಲಿ?”

ಮೌಸು ನನ್ನ ಕೈಯಿಂದ ತೆಗೆದುಕೊಂಡಳು. ಮೂರು ವಾರ ಪಕ್ಕದಲ್ಲಿ ಕೂತು ಕಲಿತಿದ್ದಳು, ನಾನು ತೋರಿಸಬೇಕಿರಲಿಲ್ಲ. ಒಂದು ರಾಶಿಯನ್ನು ಎಳೆದು ಇನ್ನೊಂದರ ಮೇಲೆ ಬಿಟ್ಟಳು. ‘ಇವರು ಒಬ್ಬರೇ?’ ಎಂದು ಕೇಳಿತು. ಹೌದು ಒತ್ತಿದಳು. ಯಾವ ಹೆಸರು ಉಳಿಸಬೇಕು ಎಂದು ಕೇಳಿತು. ಸ್ಫೂರ್ತಿ ಎನ್ನುವುದನ್ನು ಅಳಿಸಿದಳು, ಸೌಜನ್ಯ ಎನ್ನುವುದನ್ನೂ ಅಳಿಸಿದಳು. ಖಾಲಿ ಜಾಗದಲ್ಲಿ ಒಂದೇ ಬೆರಳಿನಿಂದ ‘ಅವ್ವ’ ಎಂದು ಬರೆದಳು.

ಒಳಗೆ ಕೂಸು ಎದ್ದು ಅತ್ತಿತು. ಎದ್ದು ಹೋದಳು.

ಮದುವೆ ಸಂಡೂರಿನ ಒಂದು ಸಣ್ಣ ಮಠದಲ್ಲಿ ಆಯಿತು. ಇಪ್ಪತ್ತು ಜನ. ಮೈಕಿಲ್ಲ, ವಾಲಗವಿಲ್ಲ. “ಮನಿಯಾಗ ಫೋಟೋದಾಂವ ಇದ್ದು ಹೊರಗಿನವರನ್ನ ಕರೀಬೇಕೇನಲೇ?” ಎಂದ ಅಪ್ಪ. ಕ್ಯಾಮೆರಾ ತೆಗೆದುಕೊಂಡು ಹೋದೆ. ಸಿಟ್ಟು ಎಷ್ಟಿತ್ತೆಂದರೆ ಲೆನ್ಸಿನ ಮುಚ್ಚಳ ತೆಗೆಯಲೇ ಇಲ್ಲ. ಮುಚ್ಚಿದ ಲೆನ್ಸನ್ನೇ ಅವರ ಮುಖಕ್ಕೆ ಹಿಡಿದು ಒತ್ತಿದೆ. ತಾಳಿ ಕಟ್ಟುವಾಗ ಒತ್ತಿದೆ, ಅಕ್ಕಿಕಾಳು ಹಾಕುವಾಗ ಒತ್ತಿದೆ. ಟಪ್ ಟಪ್ ಎಂದು ಸದ್ದು ಬಂತು, ಎಲ್ಲರಿಗೂ ಸಮಾಧಾನವಾಯಿತು, ಯಾರೂ ತಮ್ಮ ಫೋನು ಹೊರಗೆ ತೆಗೆಯಲಿಲ್ಲ. ಸೌಜನ್ಯ ಒಂದು ಸಲ ನನ್ನ ಕಡೆ ತಿರುಗಿ ಅಷ್ಟೂ ಹಲ್ಲು ತೋರಿಸಿ ನಕ್ಕಳು. ಅದಕ್ಕೂ ಒತ್ತಿದೆ.

ಈ ಮದುವೆ ಯಾರ ಕಣ್ಣಿಗೂ ಬೀಳಬಾರದು, ಇದು ಆಗಿಲ್ಲ ಅನ್ನಿಸಬೇಕು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಮರುದಿನ ಸ್ಟುಡಿಯೋದಲ್ಲಿ ನೂರ ಹದಿನೆಂಟು ಕಪ್ಪು ಚೌಕ ಇಳಿಸಿದೆ. ‘ಯಾವ ಮುಖವೂ ಸಿಗಲಿಲ್ಲ’ ಎಂದಿತು ಸಾಫ್ಟ್‌ವೇರು. ಮುರುಗೇಶ್ ಬಗ್ಗಿ ನೋಡಿ, “ಹತ್ತು ವರ್ಷ ಇದನ್ನೇನು ಕಲಿಸಿದ್ದು ನಿನಗ?” ಎಂದರು. ಕಾರ್ಡ್ ಕೆಟ್ಟಿತ್ತೆಂದು ಮನೆಯಲ್ಲಿ ಸುಳ್ಳು ಹೇಳಿದೆ.

ಎರಡು ತಿಂಗಳ ಮೇಲೆ ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಕೊಡಲು ಕುರೆಕುಪ್ಪಕ್ಕೆ ಹೋದೆ. ಸೌಜನ್ಯ ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದಳು. ನನ್ನ ಕಂಡು ಸೆರಗು ಸರಿ ಮಾಡಿಕೊಂಡು ನಕ್ಕಳು. ತುಟಿ ಮುಚ್ಚಿಕೊಂಡು ನಕ್ಕಳು. ಅವಳ ಹಲ್ಲಿಗೆ ಏನೂ ಆಗಿರಲಿಲ್ಲ.

ಗೋಡೆಯ ಆ ಮೊಳೆಗೆ ಈಗ ಒಂದು ಫೋಟೋ ಇತ್ತು. ಅಕ್ಕ ಬಾವನ ಮದುವೆ ಫೋಟೋ, ಐದು ವರ್ಷದ ಹಿಂದಿನದು. ಹಾರ ಇರಲಿಲ್ಲ.

ಅಕ್ಕನಾಗಮ್ಮ ಕೂಸನ್ನು ಎತ್ತಿ ಹಿಡಿದು ತೋರಿಸುತ್ತಿದ್ದಳು. “ಯಾರವ್ವಾ ಇಕಿ?”

“ಅವ್ವ.”

“ಯಾರ ಮದಿವಿ ಇದು?”

“ಅವ್ವಂದು.” ಕೂಸು ನಲ್ಲಿಯ ಕಡೆ ಬೆರಳು ತೋರಿಸಿತು.

ಸೌಜನ್ಯ ಕೊಡ ಇಳಿಸಿ ನನಗೆ ತಟ್ಟೆ ಹಾಕಿದಳು. ಅನ್ನ, ತಿಳಿಸಾರು. ಅತ್ತೆ ಹೊರಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು.

“ಅಣ್ಣಾ, ನನ್ನ ಮದಿವಿದು ಒಂದೂ ಉಳೀಲಿಲ್ಲೇನು? ಮಸುಕಾದದ್ದು ಇದ್ರೂ ನಡೀತದ.”

“ಇಲ್ಲ.”

“ಒಂದರ ಇದ್ದಿದ್ರ ಅದನ್ನ ಹಾಕಸ್ತಿದ್ದೆ. ಅತ್ತಿ ಖಾಲಿ ಮೊಳಿ ಬ್ಯಾಡ ಅಂದ್ರು. ನಂದು ಯಾವುದೂ ಇರಲಿಲ್ಲ, ಅಕ್ಕಂದ ಹಾಕಿದ್ರು.” ಸಾರು ಬಡಿಸಿದಳು. “ಹೋಗಲಿ ಬಿಡು. ಕಾರ್ಡ್ ಕೆಟ್ರ ನೀ ಏನು ಮಾಡ್ತಿ.”

ಹೇಳಬೇಕೆಂದು ಬಾಯಿ ತೆರೆದೆ. ತುತ್ತು ಇಟ್ಟುಕೊಂಡೆ.

ಹೊರಡುವಾಗ ಬಾವ ತನ್ನ ಫೋನು ಕೊಟ್ಟ. ಮತ್ತೆ ತುಂಬಿತ್ತು. ಮರುದಿನ ಸ್ಟುಡಿಯೋದಲ್ಲಿ ಅದೇ ಲ್ಯಾಪ್‌ಟಾಪಿಗೆ ಎಲ್ಲ ಇಳಿಸಿದೆ. ಕೂಸಿನದು ಮುನ್ನೂರು. ಸೌಜನ್ಯಳದು ಒಂದೇ. ಕೂಸಿನ ಫೋಟೋ ತೆಗೆಯಲು ಹೋಗಿ ಬಿದ್ದದ್ದು. ಬಾಗಿಲ ಹೊಸ್ತಿಲ ಮೇಲೆ ಕುಳಿತಿದ್ದಾಳೆ, ಮಡಿಲಲ್ಲಿ ಮೊರ, ಅಕ್ಕಿಯ ಮೇಲೆ ಕೈ. ಕಲ್ಲು ಆರಿಸುತ್ತಿಲ್ಲ. ದಾರಿ ನೋಡುತ್ತಿದ್ದಾಳೆ. ಮನಸ್ಸಿನಲ್ಲೇ ಹಿಂದಿ ಹೇಳಿಕೊಳ್ಳುತ್ತಿದ್ದಳೋ ಏನೋ, ತುಟಿ ಮುಚ್ಚಿದೆ.

ಮಿಷನ್ನು ಆ ಮುಖವನ್ನು ದುಂಡಗೆ ಕತ್ತರಿಸಿ ಅಕ್ಕನ ಹಳೆಯ ಮುಖದ ಪಕ್ಕದಲ್ಲಿಟ್ಟಿತು. ‘ಇವರು ಒಬ್ಬರೇ?’

ಅದು ಏನು ಕೇಳುತ್ತಿದೆ ಎಂದು ನನಗೆ ಗೊತ್ತಿತ್ತು. ಹತ್ತು ವರ್ಷದಿಂದ ಗೊತ್ತು. ಅವತ್ತು ಮಾತ್ರ ನಮ್ಮವ್ವ ಓದಿದ ಹಾಗೆ ಓದಿದೆ.

ಹೌದು ಎಂದು ಒತ್ತಿದೆ.